ಮದುಮಗಳ ಮುಡಿ: ಹೆಸರು ಮತ್ತು ಆಯ್ಕೆ

ಮದುವೆಯ ಸಿದ್ಧತೆಗಳ ಪಟ್ಟಿಯಲ್ಲಿ ಮದುಮಗಳ ತಲೆಗೂದಲಿನ ಅಲಂಕಾರಕ್ಕೆ ಬಹುಕಾಲ ಪ್ರತ್ಯೇಕ ಸ್ಥಾನವಿರಲಿಲ್ಲ. ಚಪ್ಪರ, ಅಡುಗೆ, ಸೀರೆ, ಬಂಗಾರ, ಓಲಗ ಇವುಗಳಿಗೆ ಲೆಕ್ಕ ಬರೆಯುತ್ತಿದ್ದ ಮನೆಯ ಯಜಮಾನ ಮುಡಿಯ ವಿಷಯವನ್ನು ಒಳಮನೆಗೆ ಬಿಟ್ಟುಬಿಡುತ್ತಿದ್ದ. ಒಳಮನೆಯಲ್ಲಿ ಅದು ಮೊದಲೇ ತೀರ್ಮಾನವಾಗಿರುತ್ತಿತ್ತು. ಇಂದು ಹಾಗಲ್ಲ. ಮುಹೂರ್ತಕ್ಕೆ ತಿಂಗಳುಗಳ ಮುಂಚೆಯೇ ಅಲಂಕಾರ ಮಾಡುವವರನ್ನು ಗೊತ್ತುಮಾಡಬೇಕು, ಒಂದು ದಿನ ಕುಳಿತು ಪ್ರಯೋಗ ನೋಡಬೇಕು, ಮೊಬೈಲಿನ ಪರದೆಯ ಮೇಲೆ ನೂರಾರು ಚಿತ್ರಗಳನ್ನು ಸರಿಸಿ ಒಂದನ್ನು ಆರಿಸಬೇಕು. ಜಡೆಯೋ ತುರುಬೋ, ಬಿಟ್ಟ ಕೂದಲೋ, ಹೂವು ಎಷ್ಟು, ಚೌರಿ ಬೇಕೋ ಬೇಡವೋ ಎಂಬ ಮಾತು ಮನೆಯೊಳಗೆ ಕೆಲವು ಸಲ ಜಗಳಕ್ಕೂ ಕಾರಣವಾಗುತ್ತದೆ.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಈ ವಿಷಯಕ್ಕೆ ಏನು ಕೆಲಸ ಎಂದು ಕೆಲವರು ಕೇಳಬಹುದು. ಕನ್ನಡ ಕಾವ್ಯ ಒಂದು ಸಾವಿರ ವರ್ಷಗಳಿಂದ ಹೆಣ್ಣಿನ ಮುಡಿಯನ್ನು ಕುರಿತು ಬರೆಯುತ್ತ ಬಂದಿದೆ ಎಂಬುದೇ ಅದಕ್ಕೆ ನಮ್ಮ ಉತ್ತರ. ಮಹಾಕಾವ್ಯಕ್ಕೆ ಅಗತ್ಯವೆಂದು ಲಕ್ಷಣಕಾರರು ಹೇಳಿದ ಹದಿನೆಂಟು ವರ್ಣನೆಗಳಲ್ಲಿ ವಿವಾಹವೂ ಒಂದು. ವಿವಾಹ ಬಂದಲ್ಲಿ ಮದುಮಗಳು ಬರುತ್ತಾಳೆ, ಮದುಮಗಳು ಬಂದಲ್ಲಿ ಅವಳ ಕೇಶಪಾಶ ಬರುತ್ತದೆ. ದುಂಬಿಗಳ ಹಿಂಡು, ಮಳೆಯ ಮೋಡ, ನವಿಲಿನ ಗರಿ ಎಂಬ ಉಪಮಾನಗಳು ಅದರ ಹಿಂದೆಯೇ ಬರುತ್ತವೆ. ಇಷ್ಟೊಂದು ವರ್ಣನೆಯ ನಡುವೆ ನಮ್ಮ ವಿಮರ್ಶೆ ಹೆಚ್ಚಾಗಿ ಕೇಳದೆ ಬಿಟ್ಟ ಒಂದು ಪ್ರಶ್ನೆಯಿದೆ. ಆ ಮುಡಿ ಹೇಗಿರಬೇಕೆಂದು ನಿರ್ಧರಿಸಿದವರು ಯಾರು? ಈ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ಹಿಡಿದು ಕೆಲವು ಕೃತಿಗಳನ್ನೂ ನಮ್ಮ ಸುತ್ತಲಿನ ಮದುವೆಗಳನ್ನೂ ನೋಡಲು ಯತ್ನಿಸುತ್ತೇವೆ.

ಮೊದಲಿಗೆ ಶಬ್ದದ ಮಾತು. ಕಾಸರಗೋಡಿನ ಸಪ್ತಭಾಷೆಗಳ ನಡುವೆ ಬದುಕುವ ನಮಗೆ 'ಮುಡಿ' ಎಂಬ ಪದ ಒಂದೇ ಅರ್ಥದಲ್ಲಿ ನಿಲ್ಲುವುದಿಲ್ಲ. ಕನ್ನಡದಲ್ಲಿ ಅದು ಕಟ್ಟಿದ ಕೂದಲು. ಹೂವನ್ನು ತಲೆಯಲ್ಲಿ ಧರಿಸುವ ಕ್ರಿಯೆಯೂ ಹೌದು. ಮಲಯಾಳದಲ್ಲಿ ಕೂದಲಿಗೆ ಇರುವ ಸಾಮಾನ್ಯ ಹೆಸರೇ ಮುಡಿ. ತೆಯ್ಯದ ಕೋಲಧಾರಿ ಹೊರುವ ಎತ್ತರದ ಶಿರೋಭೂಷಣವೂ ಮುಡಿಯೇ, ದೈವದ್ದಾದರೆ ತಿರುಮುಡಿ. ಬೈಹುಲ್ಲಿನ ಹಗ್ಗ ಬಿಗಿದು ಕಟ್ಟಿದ ಅಕ್ಕಿಯ ಮೂಟೆಯನ್ನೂ ನಮ್ಮ ಕರಾವಳಿಯ ಹಿರಿಯರು ಮುಡಿಯೆಂದೇ ಕರೆದರು. ಕಟ್ಟುವುದು, ಕಾಪಿಡುವುದು, ಎತ್ತಿ ಹಿಡಿಯುವುದು ಎಂಬ ಭಾವಗಳು ಈ ಒಂದು ಪದದ ಸುತ್ತ ನೆರೆದಿವೆ. ಮದುಮಗಳ ಮುಡಿಯನ್ನು ಕಟ್ಟುವಾಗ ನಮ್ಮ ಹೆಂಗಸರು ಈ ಅರ್ಥಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರೆಂದು ನಾವು ಹೇಳುವುದಿಲ್ಲ. ಆದರೆ ಅವರಾಡುವ ಭಾಷೆಯಲ್ಲಿ ಅವು ಇದ್ದವು.

ಹೆಣ್ಣಿನ ಬಾಳಿನ ಘಟ್ಟಗಳನ್ನು ನಮ್ಮ ಸಮಾಜ ಕೂದಲಿನ ಮೇಲೆ ಗುರುತಿಸುತ್ತ ಬಂದಿತು. ಸಂಬಂಧ ಗೊತ್ತಾದಾಗ ಗಂಡಿನ ಕಡೆಯ ಹೆಂಗಸರು ಬಂದು ಹುಡುಗಿಗೆ ಹೂ ಮುಡಿಸಿದರೆ ಮಾತು ಗಟ್ಟಿಯಾಯಿತೆಂದು ಅರ್ಥ. ಬಸುರಿಗೆ ಮತ್ತೆ ಹೂ ಮುಡಿಸುತ್ತಾರೆ. ಸೀಮಂತ ಎಂಬ ಶಬ್ದದ ಮೂಲಾರ್ಥವೇ ಬೈತಲೆ. ಬೈತಲೆಯನ್ನು ಮೇಲಕ್ಕೆ ತೆಗೆಯುವುದು ಆ ಸಂಸ್ಕಾರದ ಮುಖ್ಯ ಕ್ರಿಯೆ. ಗಂಡ ತೀರಿಕೊಂಡರೆ ಹೂವು ಹೋಗುತ್ತಿತ್ತು. ಕೆಲವು ಸಮುದಾಯಗಳಲ್ಲಿ ಕೂದಲೇ ಹೋಗುತ್ತಿತ್ತು. ಹೀಗೆ ತಲೆಯ ಮೇಲಿನದನ್ನು ಓದಿಯೇ ಊರು ಒಬ್ಬ ಹೆಂಗಸಿನ ಸ್ಥಿತಿಯನ್ನು ತಿಳಿಯುತ್ತಿತ್ತು. ಅಂಥ ಬರಹವನ್ನು ಬರೆಯುವ ಅಧಿಕಾರ ಮಾತ್ರ ಆಕೆಗೆ ಇರಲಿಲ್ಲ.

ಮೊಗ್ಗಿನ ಜಡೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬಾಳೆಯ ಪಟ್ಟೆಯ ಮೇಲೋ ದಪ್ಪ ಕಾಗದದ ಮೇಲೋ ಮಲ್ಲಿಗೆಯ ಮೊಗ್ಗುಗಳನ್ನು ಸಾಲುಸಾಲಾಗಿ ಹೊಲಿದು, ಹೆಣೆದ ಜಡೆಗೆ ಅದನ್ನು ಕಟ್ಟುತ್ತಾರೆ. ಮೊಗ್ಗು ಅರಳುವ ಮೊದಲು ಹೊಲಿಗೆ ಮುಗಿಯಬೇಕು; ಅರಳುವ ಹೊತ್ತಿಗೆ ಮುಹೂರ್ತ ಬರಬೇಕು. ನೆತ್ತಿಯಲ್ಲಿ ರಾಗಟೆ, ಅದರ ಕೆಳಗೆ ಕೇದಗೆ, ಜಡೆಯುದ್ದಕ್ಕೂ ಬಿಲ್ಲೆಗಳು, ತುದಿಯಲ್ಲಿ ಕುಚ್ಚು, ಮುಂದೆ ಬೈತಲೆಬೊಟ್ಟು. ಕೂದಲು ಚಿಕ್ಕದಿದ್ದರೆ ಚೌರಿ. ಇಷ್ಟು ಶ್ರಮದ ಈ ಕೆಲಸವೆಲ್ಲ ಇರುವುದು ಬೆನ್ನಿನ ಮೇಲೆ. ಮದುಮಗಳು ಅದರ ಭಾರವನ್ನು ಹೊರುತ್ತಾಳೆ, ಅದಕ್ಕಾಗಿ ಕತ್ತು ನೆಟ್ಟಗೆ ಇಟ್ಟುಕೊಳ್ಳುತ್ತಾಳೆ, ಆದರೆ ಅದನ್ನು ಕಾಣಲಾರಳು. ಹಳೆಯ ಸ್ಟುಡಿಯೋಗಳಲ್ಲಿ ಛಾಯಾಗ್ರಾಹಕರು ಹುಡುಗಿಯ ಹಿಂದೆ ಒಂದು ನಿಲುವುಗನ್ನಡಿಯನ್ನು ಇಟ್ಟು ಮುಖವನ್ನೂ ಜಡೆಯನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಿದ್ದರು. ಅಂಥ ಚಿತ್ರಗಳು ಇಂದಿಗೂ ಎಷ್ಟೋ ಮನೆಗಳ ಗೋಡೆಯ ಮೇಲಿವೆ. ತನ್ನ ಜಡೆ ಹೇಗಿತ್ತೆಂಬುದನ್ನು ಬಹಳ ಮಂದಿ ಹೆಂಗಸರು ಮೊದಲು ಕಂಡದ್ದು ಆ ಚಿತ್ರ ಕೈಗೆ ಬಂದ ಮೇಲೆಯೇ ಇರಬೇಕು.

ಕಾವ್ಯದಲ್ಲಿಯೂ ಸ್ಥಿತಿ ಹೀಗೆಯೇ. ಮುಡಿಯನ್ನು ಹೊತ್ತವಳು ಒಬ್ಬಳು, ಅದನ್ನು ಕಂಡು ವರ್ಣಿಸುವವನು ಇನ್ನೊಬ್ಬ. 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಕನ್ನಡದ ನವದಂಪತಿಗಳ ಮೆಚ್ಚಿನ ಸಂಕಲನವಾಯಿತು. ಅಲ್ಲಿ ದಾಂಪತ್ಯದ ಸೊಗಸಿಗೆ ಮನೆಯ ಮಾತಿನ ಸಹಜತೆ ಬಂತು. ಆದರೂ ಅಲ್ಲಿ ಹೆಚ್ಚಾಗಿ ಕೇಳುವುದು ಗಂಡನ ದನಿ. ಇದು ಆ ಕವಿಯ ದೋಷವೆಂದು ನಾವು ಎಣಿಸುವುದಿಲ್ಲ. ನೋಡುವವನ ಒಲವು ಎಷ್ಟು ನಿಜವಾಗಿದ್ದರೂ ಅದು ನೋಡುವವನದೇ ಆಗಿರುತ್ತದೆ ಎಂಬುದಷ್ಟೇ ನಮ್ಮ ಮಾತು.

ಈ ರೂಢಿಯನ್ನು ಮುರಿದ ಇಬ್ಬರು ಹೆಂಗಸರು ಕನ್ನಡ ಸಾಹಿತ್ಯದಲ್ಲಿ ಇದ್ದಾರೆ. ಇಬ್ಬರೂ ಬಿಟ್ಟ ಮುಡಿಯವರು.

ಮೊದಲನೆಯವಳು ದ್ರೌಪದಿ. ಪಂಪ 941ರಲ್ಲಿ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅವಳ ಮುಡಿಯನ್ನು ಹಿಡಿದು ಸಭೆಗೆ ಎಳೆತಂದ ಮೇಲೆ, ಹಾಗೆ ಎಳೆದವನು ಸಾಯುವವರೆಗೂ ಅದನ್ನು ಕಟ್ಟುವುದಿಲ್ಲವೆಂದು ಅವಳು ಪ್ರತಿಜ್ಞೆ ಮಾಡುತ್ತಾಳೆ. ಪ್ರತಿಜ್ಞೆಯ ಮಾತು ಅವಳದೇ. ಯುದ್ಧದಲ್ಲಿ ದುಶ್ಶಾಸನ ಬಿದ್ದಾಗ ಭೀಮ ಬಂದು ಆ ಮುಡಿಯನ್ನು ಕಟ್ಟುತ್ತಾನೆ. ಕಟ್ಟುತ್ತ, ಇಡೀ ಭಾರತವೇ ಈ ಕೂದಲಿನ ವಿಸ್ತಾರವಲ್ಲವೇ ಎಂಬ ಅರ್ಥದ ಮಾತನ್ನು ಪಂಪ ಅವನ ಬಾಯಲ್ಲಿ ಆಡಿಸುತ್ತಾನೆ. ರನ್ನನ 'ಗದಾಯುದ್ಧ'ದಲ್ಲಿ ಮುಡಿ ಕಟ್ಟುವ ಕಾರ್ಯಕ್ಕೂ ಪಟ್ಟಾಭಿಷೇಕಕ್ಕೂ ನಂಟು ಇನ್ನೂ ಹತ್ತಿರವಾಗುತ್ತದೆ. ಸಂಸ್ಕೃತದಲ್ಲಿ ಭಟ್ಟನಾರಾಯಣ ತನ್ನ ನಾಟಕಕ್ಕೆ 'ವೇಣೀಸಂಹಾರ' ಎಂದೇ ಹೆಸರಿಟ್ಟ. ಈ ಸನ್ನಿವೇಶವನ್ನು ವಿಮರ್ಶಕರು ವೀರರಸದ, ರೌದ್ರರಸದ ಉದಾಹರಣೆಯಾಗಿ ನೋಡಿದ್ದಾರೆ. ನಮಗೆ ಅದು ಎರಡನೆಯ ಮದುವೆಯಂತೆ ಕಾಣುತ್ತದೆ. ಸ್ವಯಂವರದ ದಿನ ಸಖಿಯರು ಸಿಂಗರಿಸಿದ ಮುಡಿ ಅವಳನ್ನು ಕಾಯಲಿಲ್ಲ. ಅದು ಬಿಚ್ಚಿದ ಮೇಲೆ ಮತ್ತೆ ಯಾವಾಗ, ಯಾವ ಷರತ್ತಿನ ಮೇಲೆ, ಯಾರ ಕೈಯಿಂದ ಕಟ್ಟಬೇಕು ಎಂಬುದನ್ನು ಅವಳೇ ಹೇಳಿದಳು. ಆದರೆ ಈ ಆಯ್ಕೆಗೆ ಅವಳು ತೆರಬೇಕಾದ ಬೆಲೆಯೆಷ್ಟು! ಹದಿಮೂರು ವರ್ಷಗಳ ವನವಾಸ-ಅಜ್ಞಾತವಾಸ, ಬಳಿಕ ಒಂದು ಮಹಾಯುದ್ಧ. ಹೆಣ್ಣೊಬ್ಬಳ ಮುಡಿ ಅವಳ ಮಾತಿನಂತೆ ಇರಬೇಕಾದರೆ ಹದಿನೆಂಟು ಅಕ್ಷೌಹಿಣಿ ಸೈನ್ಯ ನಾಶವಾಗಬೇಕಾದ ಲೋಕವನ್ನು ನಮ್ಮ ಆದಿಕವಿ ನಮಗೆ ತೋರಿಸಿದ್ದಾನೆ.

ಎರಡನೆಯವಳು ಅಕ್ಕಮಹಾದೇವಿ. ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಹೇಳಿದ ಅಕ್ಕನ ವಚನಗಳಲ್ಲಿ ಮದುವೆಯ ಪರಿಭಾಷೆ ತುಂಬಿದೆ. ಉಡುಗೆಯನ್ನು ಬಿಟ್ಟು ಕೂದಲನ್ನೇ ಹೊದೆದು ಕಲ್ಯಾಣಕ್ಕೆ ಬಂದ ಅವಳನ್ನು, ಎಲ್ಲವನ್ನೂ ಬಿಟ್ಟವಳಿಗೆ ಕೂದಲಿನ ಮರೆ ಏಕೆಂದು ಅಲ್ಲಮ ಕೇಳುವ ಪ್ರಸಂಗ 'ಶೂನ್ಯಸಂಪಾದನೆ'ಯಲ್ಲಿದೆ. ಆ ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗಬಾರದೆಂದು ಎಂಬ ಆಶಯದ ಉತ್ತರವನ್ನು ಅವಳು ಕೊಡುತ್ತಾಳೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ತನ್ನ ಕೂದಲು ಹೀಗೇಕಿದೆ ಎಂಬ ಪ್ರಶ್ನೆಗೆ ಒಬ್ಬ ಹೆಂಗಸು ತಾನೇ ಸಭೆಯಲ್ಲಿ ನಿಂತು ಉತ್ತರ ಹೇಳುತ್ತಾಳೆ. ಉತ್ತರ ಹೇಳುವ ಹೊಣೆ ಬಂದುದೂ ಅವಳಿಗೇ. ಅನುಭಾವದ ಆ ಸಭೆಯೂ ಹೆಣ್ಣಿನ ಕೂದಲಿಗೆ ಕಾರಣ ಕೇಳದೆ ಬಿಡಲಿಲ್ಲ. ಇಂದಿನ ಮದುವೆಯ ಮನೆಯಲ್ಲಿ 'ಕೂದಲನ್ನು ಹೀಗೇಕೆ ಬಿಟ್ಟಿದ್ದಿ' ಎಂದು ಕೇಳುವ ಹಿರಿಯರು ತಮಗೆ ಅರಿವಿಲ್ಲದೆಯೇ ಒಂದು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳುತ್ತಿರುತ್ತಾರೆ.

ಹಾಗಾದರೆ ಶುಭದ ಸಂದರ್ಭದಲ್ಲಿ, ಯುದ್ಧವಿಲ್ಲದೆ, ವೈರಾಗ್ಯವಿಲ್ಲದೆ, ತಾನೇ ಆರಿಸುವ ಮದುಮಗಳು ನಮ್ಮ ಪರಂಪರೆಯಲ್ಲಿ ಇಲ್ಲವೇ? ಇದ್ದಾಳೆ, ಅವಳನ್ನು ನಾವು ಪ್ರತಿ ಮದುವೆಯಲ್ಲಿಯೂ ಹಾಡುತ್ತೇವೆ. ಸೋದೆಯ ವಾದಿರಾಜರ 'ಲಕ್ಷ್ಮೀ ಶೋಭಾನೆ' ನಮ್ಮ ಕಡೆಯ ಅನೇಕ ಮನೆಗಳಲ್ಲಿ ಹೆಂಗಸರ ಬಾಯಲ್ಲಿ ನೆಲೆಸಿದ ಕೃತಿ. ಅದರಲ್ಲಿ ಕಡಲಿನಿಂದ ಹುಟ್ಟಿದ ಲಕ್ಷ್ಮಿ ಮಾಲೆ ಹಿಡಿದು ದೇವತೆಗಳ ಸಭೆಯನ್ನು ನೋಡುತ್ತಾಳೆ, ಒಬ್ಬೊಬ್ಬರ ಕೊರತೆಯನ್ನೂ ಎಣಿಸುತ್ತಾಳೆ, ಕೊನೆಗೆ ತನಗೆ ಒಪ್ಪಿದವನನ್ನು ವರಿಸುತ್ತಾಳೆ. ವರನನ್ನು ಹೀಗೆ ತೂಗಿ ನೋಡುವ ವಧುವಿನ ಹಾಡನ್ನು, ಯಾವ ವಿಷಯದಲ್ಲಿಯೂ ಬಾಯಿ ತೆರೆಯದೆ ತಲೆ ತಗ್ಗಿಸಿ ಹಸೆಯ ಮೇಲೆ ಕುಳಿತ ಹುಡುಗಿಯ ಮುಂದೆ ನಾಲ್ಕು ಶತಮಾನ ಹಾಡುತ್ತ ಬಂದೆವು. ಹಾಡಿನ ಅರ್ಥವನ್ನು ಕೇಳಿಸಿಕೊಂಡಿದ್ದರೆ, ಗಂಡನ್ನು ಆರಿಸುವ ಮಾತು ಹಾಗಿರಲಿ, ತನ್ನ ಜಡೆಯನ್ನಾದರೂ ಆರಿಸಲು ಆ ಹುಡುಗಿಗೆ ಬಿಡಬಹುದಾಗಿತ್ತು.

ಈ ಪರಂಪರೆಯ ಇನ್ನೊಂದು ಮುಖವನ್ನು ಮರೆತು ಮೊಗ್ಗಿನ ಜಡೆಯನ್ನು ಮಾತ್ರ ಹೊಗಳುವುದು ವಿಮರ್ಶೆಯಾಗುವುದಿಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಪ್ರಕಟವಾಯಿತು; 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಬಾಲವಿಧವೆಯಾದ ಫಣಿಯಮ್ಮನ ತಲೆಯನ್ನು ಬೋಳಿಸಲಾಗುತ್ತದೆ. ಅದನ್ನು ಯಾರೂ ಅವಳೊಡನೆ ಚರ್ಚಿಸುವುದಿಲ್ಲ, ಮದುವೆಯನ್ನೂ ಚರ್ಚಿಸದಿದ್ದಂತೆಯೇ. ಅದೇ ಕಾದಂಬರಿಯಲ್ಲಿ ಮುಂದಿನ ತಲೆಮಾರಿನ ದಾಕ್ಷಾಯಣಿ ಎಂಬ ವಿಧವೆ ತನ್ನ ಕೂದಲನ್ನು ಕೊಡಲು ಒಪ್ಪುವುದಿಲ್ಲ. ಇಡೀ ಬಾಳನ್ನು ಬೋಳುತಲೆಯಲ್ಲಿ ಕಳೆದ ಫಣಿಯಮ್ಮ ಅವಳ ಪರವಾಗಿ ನಿಲ್ಲುತ್ತಾಳೆ. ಈ ಎಡೆಯಲ್ಲಿ ಕಾದಂಬರಿಕಾರ್ತಿ ಭಾಷಣ ಮಾಡಿಸುವುದಿಲ್ಲ ಎಂಬುದೇ ಅವರ ಹಿರಿಮೆ. ತನಗೆ ಸಿಗದ ಆಯ್ಕೆಯನ್ನು ಇನ್ನೊಬ್ಬಳಿಗೆ ಸಿಗುವಂತೆ ಮಾಡುವುದೇ ಧರ್ಮ ಎಂಬುದನ್ನು ಆ ಮುದುಕಿ ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ಜಡೆಗೆ ಹೂ ಹೆಣೆದ ಸಮಾಜವೂ ಜಡೆಯನ್ನು ಕಿತ್ತುಕೊಂಡ ಸಮಾಜವೂ ಬೇರೆ ಬೇರೆಯಲ್ಲ. ಮದುಮಗಳ ಮುಡಿಗೆ ಕೈ ಹಾಕುವವರು ಮುತ್ತೈದೆಯರೇ ಆಗಿರಬೇಕೆಂಬ ಕಟ್ಟಳೆಯಿಂದ, ಅದೇ ಮನೆಯಲ್ಲಿ ಅವಳನ್ನು ಎತ್ತಿ ಆಡಿಸಿ, ದಿನವೂ ತಲೆಬಾಚಿ ಸಾಕಿದ ವಿಧವೆ ಅತ್ತೆಯೋ ಅಜ್ಜಿಯೋ ಆ ಬೆಳಿಗ್ಗೆ ಬಾಗಿಲ ಆಚೆ ನಿಲ್ಲಬೇಕಾಗಿ ಬರುತ್ತಿತ್ತು.

ನಮ್ಮ ನೆಲದ ಕಲೆಯಾದ ಯಕ್ಷಗಾನವನ್ನು ಇಲ್ಲಿ ನೆನೆಯಬೇಕು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಸೀತಾಕಲ್ಯಾಣದ ಪ್ರಸಂಗ ಸೇರಿಕೊಂಡಿದೆ. ರುಕ್ಮಿಣೀ ಕಲ್ಯಾಣ, ಮೀನಾಕ್ಷೀ ಕಲ್ಯಾಣ, ಶ್ರೀನಿವಾಸ ಕಲ್ಯಾಣ ಹೀಗೆ ಮದುವೆಯೇ ಹೆಸರಾದ ಪ್ರಸಂಗಗಳು ಹಲವು. ಚೌಕಿಯಲ್ಲಿ ಕುಳಿತು ಸ್ತ್ರೀವೇಷ ಕಟ್ಟಿಕೊಳ್ಳುವ ಗಂಡಸು ಮದುಮಗಳ ಮುಡಿಯೇನು, ಗರತಿಯ ಮುಡಿಯೇನು, ಕಸೆ ಕಟ್ಟಿ ಕಾದಾಡುವವಳ ಮುಡಿಯೇನು ಎಂಬುದನ್ನು ಬಲ್ಲವನಾಗಿರಬೇಕು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಅದು ತಿಳಿಯಬೇಕು. ಮೀನಾಕ್ಷೀ ಕಲ್ಯಾಣವನ್ನೇ ನೋಡಿರಿ. ದಿಗ್ವಿಜಯಕ್ಕೆ ಹೊರಟು ದೊರೆಗಳನ್ನು ಗೆದ್ದವಳು ಅದೇ ರಾತ್ರಿಯ ಕೊನೆಗೆ ಮದುಮಗಳಾಗುತ್ತಾಳೆ. ಆ ಮದುಮಗಳ ತಲೆಯಲ್ಲಿ ಗೆದ್ದವಳ ಗುರುತು ಎಷ್ಟು ಉಳಿಯಬೇಕು? ಒಳ್ಳೆಯ ವೇಷಧಾರಿಯ ಮುಂದೆ ನಿಜವಾಗಿ ಇರುವ ಪ್ರಶ್ನೆ ಇದು. ಓದಿ, ಕೆಲಸ ಹಿಡಿದು, ತನ್ನ ಸಂಪಾದನೆಯಲ್ಲಿ ಬದುಕಿ ಮದುವೆಗೆ ಕೂರುವ ಇಂದಿನ ಹುಡುಗಿ ಕನ್ನಡಿಯ ಮುಂದೆ ಕೇಳಿಕೊಳ್ಳುವುದೂ ಇದೇ ಪ್ರಶ್ನೆಯನ್ನು. ನಿನ್ನೆಯವರೆಗೆ ತಾನಾಗಿದ್ದವಳು ಈ ಅಲಂಕಾರದೊಳಗೆ ಎಷ್ಟು ಉಳಿಯಬೇಕು?

ಈಗ ಇಂದಿನ ಆಯ್ಕೆಯ ರೀತಿಗೆ ಬರೋಣ. ನಮ್ಮ ಊರುಗಳ ಮದುವೆಗಳಲ್ಲಿ ದಕ್ಷಿಣದಿಂದ ಬಂದ ಪದ್ಧತಿಯಂತೆ ತುರುಬಿನ ಸುತ್ತ ಮುಲ್ಲೆಯ ಮಾಲೆಗಳನ್ನು ಸಾಲುಸಾಲಾಗಿ ಸುತ್ತುವುದಿದೆ. ಉತ್ತರದಿಂದ ಬಂದ ಮೊಗ್ಗಿನ ಜಡೆಯೂ ಇದೆ. ಮದುವೆಗೆ ಜಡೆ, ಸಂಜೆಯ ಸತ್ಕಾರಕೂಟಕ್ಕೆ ಬಿಟ್ಟ ಕೂದಲು ಎಂಬ ಹೊಂದಾಣಿಕೆಯೂ ಇದೆ. ಇದನ್ನು ಕಂಡು ನಮ್ಮತನ ಹೋಯಿತೆಂದು ಕೊರಗುವವರೊಡನೆ ನಾವು ಸೇರಲಾರೆವು. ಗಡಿನಾಡಿನಲ್ಲಿ ಹೂವಿಗೆ ಗಡಿ ಹಾಕಲಾಗುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ಬದಲಾದಾಗಲೂ ಉಡುಪಿಯ ಕಡೆಯ ಮಲ್ಲಿಗೆ ಈಚೆಗೆ ಬರುವುದು ನಿಲ್ಲಲಿಲ್ಲ. ಶಂಕರಪುರದ ಸುತ್ತ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು-ಅಟ್ಟೆಗಳ ಲೆಕ್ಕದಲ್ಲಿ ಮಾರುವ ಆ ಹೂವು ಭೌಗೋಳಿಕ ಗುರುತು ಪಡೆದ ನಮ್ಮ ಮೂರು ಮಲ್ಲಿಗೆಗಳಲ್ಲಿ ಒಂದು. ಮೈಸೂರಿನದೂ ಹಡಗಲಿಯದೂ ಉಳಿದೆರಡು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಕರಾವಳಿಯ ಎಲ್ಲ ಮದುವೆಗಳಿಗೂ ಅದು ಬೇಕು. ಮದುಮಗಳ ತಲೆಯ ಒಂದು ಅಟ್ಟೆ ಮಲ್ಲಿಗೆಯ ಹಿಂದೆ ನಸುಕಿನಲ್ಲಿ ಎದ್ದು ಮೊಗ್ಗು ಕೊಯ್ದು ಕಟ್ಟಿದ ಹೆಂಗಸರ 3200 ಸಲದ ಕೈಚಳಕವಿದೆ ಎಂಬುದನ್ನು ಹೂವಿನ ಬೆಲೆಯ ಬಗ್ಗೆ ಗೊಣಗುವವರು ನೆನೆಯಬೇಕು.

ಅಲಂಕಾರವನ್ನು ವೃತ್ತಿಯಾಗಿ ಮಾಡುವವರನ್ನು ಹಳಿಯುವುದೂ ನ್ಯಾಯವಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಪೆಟ್ಟಿಗೆ ಹಿಡಿದು ಬಂದು, ನಿಂತೇ ಎರಡು ಮೂರು ಗಂಟೆ ಕೆಲಸ ಮಾಡಿ ಹೋಗುವ ಈ ಹೆಣ್ಣುಮಕ್ಕಳಲ್ಲಿ ಅನೇಕರು ತಮ್ಮ ಮನೆಯನ್ನು ಈ ದುಡಿಮೆಯಿಂದ ನಡೆಸುತ್ತಾರೆ. ಅವರಿಗೆ ಮದುಮಗಳ ಜಾತಿ, ಜಾತಕ ಬೇಡ. ತಮ್ಮ ಕೈಗೆ ಯಾರೂ ಮುತ್ತೈದೆತನದ ಪ್ರಮಾಣ ಕೇಳುವುದಿಲ್ಲ. ಶಾಸ್ತ್ರ ಬಲ್ಲವರು ಶತಮಾನಗಳಲ್ಲಿ ತೆಗೆಯದ ಒಂದು ಕಟ್ಟಳೆಯನ್ನು ಈ ವೃತ್ತಿ ಸದ್ದಿಲ್ಲದೆ ಬದಿಗೆ ಸರಿಸಿದೆ. ಇದು ಚಿಕ್ಕ ಸಂಗತಿಯಲ್ಲ.

ನಮ್ಮ ಆಕ್ಷೇಪ ಬೇರೆಯ ಕಡೆಯಿದೆ. ಚಿತ್ರಗಳನ್ನು ಸರಿಸುತ್ತ ಕುಳಿತ ಹುಡುಗಿ ಕೊನೆಗೆ ಹೇಳುವುದು 'ಇದರ ಹಾಗೆ' ಎಂಬ ಎರಡೇ ಮಾತು. ಅವಳ ತಾಯಿ 'ಹಾಗಲ್ಲ, ನಮ್ಮ ಹಾಗೆ' ಎನ್ನುತ್ತಾಳೆ. ತಾಯಿಯಲ್ಲಿಯೂ ಹೆಸರುಗಳಿಲ್ಲ. ರಾಗಟೆ, ಕೇದಗೆ, ಚೌರಿ, ಹೆರಳು, ಕುರುಳು ಎಂಬ ಪದಗಳು ಅಜ್ಜಿಯೊಡನೆ ಹೋದವು, ಅಥವಾ ಪದ್ಯಪುಸ್ತಕದ ಅರ್ಥಕೋಶದಲ್ಲಿ ಉಳಿದವು. ಹೆಸರು ತಿಳಿದವಳು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬಲ್ಲಳು. ರಾಗಟೆ ಇರಲಿ, ಬಿಲ್ಲೆ ಬೇಡ, ಜಡೆ ಮೊಳಕ್ಕೆ ನಿಲ್ಲಲಿ, ಚೌರಿ ಸೇರಿಸದೆ ನನ್ನ ಕೂದಲಷ್ಟೇ ಇರಲಿ ಎಂದು ಹೇಳಬಲ್ಲಳು. ಹೆಸರು ತಿಳಿಯದವಳಿಗೆ ಚಿತ್ರವನ್ನು ಇಡಿಯಾಗಿ ಒಪ್ಪುವುದು ಇಲ್ಲವೇ ಇಡಿಯಾಗಿ ಬಿಡುವುದು, ಇವೆರಡೇ ದಾರಿ. ಹಿಂದೆ ಕಟ್ಟಳೆ ಅವಳ ಪರವಾಗಿ ತೀರ್ಮಾನಿಸುತ್ತಿತ್ತು, ಈಗ ಬೇರೆಯವಳೊಬ್ಬಳ ಚಿತ್ರ ತೀರ್ಮಾನಿಸುತ್ತದೆ. ಎರಡರಲ್ಲಿಯೂ ಅವಳ ಮಾತು ಕಡಿಮೆ. ಗಡಿಯಾಚೆಯ ಕನ್ನಡಿಗರಾದ ನಾವು ಭಾಷೆ ಉಳಿಯಬೇಕೆಂದು ಶಾಲೆ, ಕಚೇರಿ, ನಾಮಫಲಕಗಳ ಬಗ್ಗೆ ಮನವಿ ಬರೆಯುತ್ತೇವೆ, ಬರೆಯಲೇಬೇಕು. ಆದರೆ ಕನ್ನಡಿಯ ಮುಂದೆ ಕುಳಿತವಳ ಬಾಯಿಂದ ಕನ್ನಡ ಹೋದುದಕ್ಕೆ ಮನವಿ ಬರೆಯಲು ಯಾವ ಕಚೇರಿಯೂ ಇಲ್ಲ.

ನಾವು ಕಂಡ ಒಂದು ಮದುವೆಯ ಮಾತನ್ನು ಇಲ್ಲಿ ಹೇಳಬೇಕು. ಕಾಯಿಲೆಯ ಚಿಕಿತ್ಸೆಯಲ್ಲಿ ಕೂದಲು ಉದುರಿ, ಮತ್ತೆ ಬೆರಳುದ್ದ ಬೆಳೆದಿದ್ದ ಹುಡುಗಿ ಅವಳು. ಹುಡುಗನಿಗೂ ಅವನ ಮನೆಯವರಿಗೂ ಎಲ್ಲ ತಿಳಿದಿತ್ತು. ಬಂದ ನೆಂಟರಿಗೆ ತಿಳಿಯಬಾರದೆಂದು ಹೆಣ್ಣಿನ ಕಡೆಯವರು ಉದ್ದದ ಕಟ್ಟುಜಡೆಯೊಂದನ್ನು ತರಿಸಿದ್ದರು. ಅವಳು ಅದನ್ನು ಒಮ್ಮೆ ಇಟ್ಟು ನೋಡಿ ತೆಗೆದಳು. ನೋಯುತ್ತದೆ ಎಂದಳು, ಬೇರೆ ಕಾರಣ ಹೇಳಲಿಲ್ಲ. ಚಿಕಿತ್ಸೆಯ ದಿನಗಳಲ್ಲಿ ಪಕ್ಕದಲ್ಲಿ ಮಲಗಿದ್ದ ಸೋದರತ್ತೆಯನ್ನು ಕರೆದು, ನೀನೇ ಮಲ್ಲಿಗೆ ಮುಡಿಸು ಎಂದಳು. ಅತ್ತೆ ವಿಧವೆ. ಕೋಣೆಯಲ್ಲಿ ಮಾತು ನಿಂತಿತು. ಅತ್ತೆಯೇ ಹಿಂದೆ ಸರಿದರು. ತನ್ನಿಂದ ಅವಳಿಗೆ ಏನೂ ಆಗಬಾರದೆಂಬ ಹೆದರಿಕೆ ಆ ಜೀವಕ್ಕಿತ್ತು. ಕೊನೆಗೆ ಅವರು ಹೂವಿನ ಮಾಲೆಯನ್ನು ಹುಡುಗಿಯ ಕೈಗೆ ಕೊಟ್ಟು, ಕನ್ನಡಿಯನ್ನು ತಾವು ಹಿಡಿದುಕೊಂಡರು. ಹುಡುಗಿ ತಾನೇ ಎರಡು ಪಿನ್ನುಗಳಿಂದ ಆ ಚಿಕ್ಕ ಕೂದಲಿಗೆ ಮಲ್ಲಿಗೆಯನ್ನು ಸಿಕ್ಕಿಸಿಕೊಂಡಳು. ಮಾಲೆ ಸ್ವಲ್ಪ ವಾರೆಯಾಗಿತ್ತು. ಹಾಗೆಯೇ ಮಂಟಪಕ್ಕೆ ಹೋದಳು. ಊಟದ ಪಂಕ್ತಿಯಲ್ಲಿ ಒಂದೆರಡು ಪಿಸುಮಾತು ಕೇಳಿಸಿದುವು, ಪಾಯಸ ಬಂದ ಮೇಲೆ ಅವೂ ನಿಂತವು.

ಈ ಪ್ರಸಂಗವನ್ನು ನಾವು ಸುಧಾರಣೆಯ ಕಥೆಯಾಗಿ ಹೇಳುತ್ತಿಲ್ಲ. ಅತ್ತೆ ಕೊನೆಗೂ ಹೂ ಮುಡಿಸಲಿಲ್ಲ. ಕಟ್ಟಳೆ ಆಕೆಯೊಳಗೇ ಕುಳಿತಿತ್ತು. ಆದರೆ ತನಗೇನು ಬೇಕು, ಏನು ಬೇಡ, ಯಾರ ಕೈ ಬೇಕು ಎಂಬ ಮೂರು ಮಾತುಗಳನ್ನು ಮದುಮಗಳು ತನ್ನ ಭಾಷೆಯಲ್ಲಿ ಹೇಳಿದಳು. ಕಾವ್ಯಗಳಲ್ಲಿ ಬರುವ ಎಷ್ಟೋ ವರ್ಣನೆಗಳಿಗಿಂತ ಆ ವಾರೆಯಾದ ಮಾಲೆಯನ್ನು ನಾವು ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದೇವೆ.

ನಮ್ಮ ಸ್ಮರಣ ಸಂಚಿಕೆಗಳ ಬರಹದ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾಗುತ್ತದೆ. ಹಿಂದಿನ ಕಾಲದ ಜಡೆ, ಹಿಂದಿನ ಕಾಲದ ಹೂವು, ಹಿಂದಿನ ಕಾಲದ ಹೆಣ್ಣು ಎಂದು ಹಂಬಲಿಸುವ ಕವಿತೆಗಳು ಅವುಗಳಲ್ಲಿ ಬರುತ್ತಿರುತ್ತವೆ. ಅವುಗಳಲ್ಲಿ ಪ್ರೀತಿಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಜಡೆಯನ್ನು ಹೆಣೆಯುವ ಕ್ರಮ ಹೇಗೆ, ಎಳೆಗಳು ಎಷ್ಟು, ಯಾವ ಊರಿನಲ್ಲಿ ಅದಕ್ಕೆ ಯಾವ ಹೆಸರು, ಅದನ್ನು ಹೊತ್ತವಳಿಗೆ ಹೇಗಿತ್ತು ಎಂಬ ವಿವರ ಅವುಗಳಲ್ಲಿ ಇರುವುದಿಲ್ಲ. ಹಂಬಲದ ಕವಿತೆ ಓದಿ ಯಾವ ಹುಡುಗಿಯೂ ಜಡೆ ಹೆಣೆಯಲು ಕಲಿಯುವುದಿಲ್ಲ. ಬರೆಯುವವರು ಗಂಡಸರಾದರೆ ತಮ್ಮ ತಾಯಿಯನ್ನೋ ಹೆಂಡತಿಯನ್ನೋ ಕೇಳಿ ಬರೆಯಲಿ. ಹೆಂಗಸರಾದರೆ ತಾವು ಕನ್ನಡಿಯಲ್ಲಿ ಕಂಡದ್ದನ್ನು, ಕಾಣದೆ ಹೊತ್ತದ್ದನ್ನು ಬರೆಯಲಿ. ಮುಂದಿನ ಸಮ್ಮೇಳನದ ಮಹಿಳಾ ಗೋಷ್ಠಿಯಲ್ಲಿ ಭಾಷಣಗಳ ಜೊತೆಗೆ ಒಂದು ಹೊತ್ತನ್ನು ಇದಕ್ಕೆ ಕೊಡಬಹುದು. ಹಿರಿಯರು ಕುಳಿತು ಕಿರಿಯರ ತಲೆಗೆ ಜಡೆ ಹಾಕುತ್ತ ಹೆಸರುಗಳನ್ನು ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಯಾವ ಹೆಸರು ಬಂದರೂ ಬರೆದುಕೊಳ್ಳಲಿ. ಆ ಹೊತ್ತಿನಲ್ಲಿ ಯಾರ ಕೈ ಶುಭ, ಯಾರ ಕೈ ಅಲ್ಲ ಎಂಬ ವಿಂಗಡಣೆ ಬೇಡ.

ಮದುವೆಯ ದಿನ ಯಾವ ಮುಡಿ ಒಪ್ಪುತ್ತದೆ ಎಂದು ನಮ್ಮನ್ನು ಕೇಳಿದರೆ ನಾವು ಉತ್ತರ ಹೇಳುವುದಿಲ್ಲ. ಹೇಳುವ ಅಧಿಕಾರ ನಮಗಿಲ್ಲವೆಂಬುದೇ ಇಷ್ಟು ಹೊತ್ತು ವಾದಿಸಿದ ವಿಷಯ. ಕೆಲವು ಪ್ರಶ್ನೆಗಳನ್ನು ಮಾತ್ರ ಮದುಮಗಳ ಮುಂದೆ ಇಡಬಲ್ಲೆವು. ಈ ಭಾರವನ್ನು ಹೊತ್ತು ಮುಹೂರ್ತದಿಂದ ಊಟದವರೆಗೆ ನಗುತ್ತ ಕೂರಬಲ್ಲೆಯಾ? ಹೊಗೆಯ ಹೋಮಕುಂಡದ ಮುಂದೆ ಅದು ನಿಲ್ಲುವುದೇ? ಚಿತ್ರದಲ್ಲಿರುವ ಹುಡುಗಿಯನ್ನು ಬಿಟ್ಟು ನಿನ್ನ ಮುಖವನ್ನು ನೋಡಿ ಆರಿಸಿದ್ದೀಯಾ? ನಿನ್ನ ತಲೆಯ ಮೇಲೆ ಕೈಯಿಡಬೇಕೆಂದು ನೀನು ಬಯಸುವವರು ಆ ಕೋಣೆಯಲ್ಲಿ ಇರುತ್ತಾರೆಯೇ? ಇವುಗಳಿಗೆ ಉತ್ತರ ಸಿಕ್ಕಿದ ಮೇಲೆ ಜಡೆಯಾದರೂ ಸರಿ, ತುರುಬಾದರೂ ಸರಿ, ಬಿಟ್ಟ ಕೂದಲಾದರೂ ಸರಿ. ಮನೆಯವರು ಹೂವು ತಂದಿಟ್ಟು, ಅವಳ ಹಿಂದೆ ಕನ್ನಡಿ ಹಿಡಿದು ನಿಂತರೆ ಸಾಕು.